ಆ ರಾತ್ರಿ ಮಗ ನಿಮಗೆ ಯಾಕೆ ಫೋನ್ ಮಾಡಲಿಲ್ಲ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗನಿಗೆ 18 ತುಂಬಿ ಐದು ತಿಂಗಳಾಯಿತು, ಮಗಳಿಗೆ 16. ಲೈಸೆನ್ಸ್ ಬಂದ ಮೇಲೆ ಮಗನಿಗೆ ಬೈಕ್ ಕೊಡಿಸಿದೆವು. ಹೋದ ತಿಂಗಳು ಗೆಳೆಯನ ಹುಟ್ಟುಹಬ್ಬ ಅಂತ ಹೋದವನು ರಾತ್ರಿ ಒಂದು ಗಂಟೆಗೆ ಬಂದ. ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಬೈಕಿನಲ್ಲೇ ಬಂದಿದ್ದ, ದಾರಿಯಲ್ಲಿ ಇನ್ನೊಬ್ಬ ಹುಡುಗನನ್ನು ಅವನ ಮನೆಗೆ ಬಿಟ್ಟು ಬಂದಿದ್ದ. ನಮ್ಮ ಯಜಮಾನರು ಆಗಲೇ ಕೂಗಾಡಿದರು, ಕೆನ್ನೆಗೆ ಒಂದು ಕೊಟ್ಟರು, ಕೀ ಕಿತ್ತುಕೊಂಡರು. ಅವನು 'ನೀವು ಕುಡಿದು ಕಾರು ಓಡಿಸಲ್ವಾ?' ಅಂದುಬಿಟ್ಟ. ನಿಜ ಹೇಳಬೇಕೆಂದರೆ ನಮ್ಮವರು ಯಾವಾಗಲಾದರೂ ಪಾರ್ಟಿಗೆ ಹೋದರೆ ಎರಡು ಪೆಗ್ ಹಾಕಿ ತಾವೇ ಓಡಿಸಿಕೊಂಡು ಬರುತ್ತಾರೆ. ಅಂದಿನಿಂದ ಮೂರು ವಾರ ಅಪ್ಪ ಮಗ ಮಾತಿಲ್ಲ. ಈಗ ಅವನು ಗೆಳೆಯರ ಬೈಕಿನ ಹಿಂದೆ ಕೂತು ಓಡಾಡುತ್ತಿದ್ದಾನೆ. ನನ್ನ ಮೈದುನ 'ಮನೆಯಲ್ಲೇ ಕೂರಿಸಿ ಸ್ವಲ್ಪ ಕುಡಿಸಿ, ಚಪಲ ಹೋಗುತ್ತೆ' ಅನ್ನುತ್ತಾರೆ. ಕೀ ಯಾವಾಗ ವಾಪಸ್ ಕೊಡಬೇಕು? 'ಕುಡಿದಿದ್ದರೆ ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇವೆ' ಅಂತ ಹೇಳಬೇಕು ಅನ್ನಿಸುತ್ತದೆ. ಆದರೆ ಹಾಗಂದರೆ 'ಕುಡಿ' ಅಂತ ನಾವೇ ಹೇಳಿದ ಹಾಗಾಗುವುದಿಲ್ಲವೇ? ನನಗೆ ಗಾಡಿ ಓಡಿಸಲು ಬರುವುದಿಲ್ಲ. (ಹೆಸರು ಬೇಡ)

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಕೀ ಕೊಡಬೇಕಾ, ಮನೆಯಲ್ಲೇ ಕುಡಿಸಬೇಕಾ, ಫೋನ್ ಮಾಡು ಅನ್ನಬೇಕಾ. ನನ್ನ ಕಣ್ಣು ನಿಂತಿದ್ದು ನೀವು ಕೇಳದೇ ಬಿಟ್ಟ ನಾಲ್ಕನೆಯದರ ಮೇಲೆ. ಆ ರಾತ್ರಿ ಒಂದು ಗಂಟೆಗೆ ನಿಮ್ಮ ಮಗನ ಜೇಬಿನಲ್ಲಿ ಫೋನ್ ಇತ್ತು. ಮನೆಯಲ್ಲಿ ಅಪ್ಪ ಇದ್ದರು, ಕಾರೂ ಇತ್ತು. ಅವನು ಯಾಕೆ ಫೋನ್ ಮಾಡಲಿಲ್ಲ?

ಹದಿಹರೆಯದ ಮಕ್ಕಳು ಮತ್ತು ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಅದಕ್ಕೂ ಮೊದಲು ಕೆಲವು ವರ್ಷ ಒಂದು ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಆಪ್ತಸಮಾಲೋಚಕಿ ಆಗಿದ್ದೆ. ಅಲ್ಲಿ 19 ವರ್ಷದ ಒಬ್ಬ ಹುಡುಗ ಸಿಕ್ಕಿದ್ದ. ಅವನಿಗೆ ಆಗಿದ್ದು ದವಡೆ ಮುರಿತ ಮಾತ್ರ. ಹಿಂದೆ ಕೂತಿದ್ದ ಗೆಳೆಯನ ಕಾಲು ಉಳಿಯಲಿಲ್ಲ. ವಾರ ಕಳೆದ ಮೇಲೆ ಆ ಹುಡುಗ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. 'ಅಪ್ಪನಿಗೆ ಫೋನ್ ಮಾಡೋದಾ, ಗಾಡಿ ಓಡಿಸೋದಾ ಅಂತ ಯೋಚನೆ ಮಾಡ್ದೆ ಮೇಡಂ. ಗಾಡಿ ಓಡಿಸೋದೇ ಸುಲಭ ಅನ್ನಿಸ್ತು.'

ಅಪಘಾತ ಆಗಬಹುದು ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಪಘಾತ 'ಆಗಬಹುದು', ಅಪ್ಪನ ಬೈಗುಳ 'ಆಗೇ ಆಗುತ್ತೆ'. ಈ ಲೆಕ್ಕದಲ್ಲಿ ಫೋನ್ ಸೋಲುತ್ತದೆ. ನಿಮ್ಮ ಮನೆಯಲ್ಲೂ ಆ ರಾತ್ರಿ ಇದೇ ಲೆಕ್ಕ ನಡೆದಿರಬೇಕು ಅಂತ ನನ್ನ ಅನುಮಾನ. ಬಾಗಿಲು ತೆಗೆದ ಮೇಲೆ ನಡೆದಿದ್ದು ನೋಡಿದರೆ ಅವನ ಲೆಕ್ಕ ತಪ್ಪಿರಲಿಲ್ಲ ಅಲ್ವಾ?

ನಿಮ್ಮವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಮಗ ಸತ್ತೇ ಹೋಗಬಹುದಿತ್ತು ಅನ್ನುವ ಭಯ ಬಹಳಷ್ಟು ಅಪ್ಪಂದಿರಲ್ಲಿ ಕೂಗಾಗಿಯೇ ಹೊರಗೆ ಬರುತ್ತದೆ. ತೊಂದರೆ ಏನೆಂದರೆ, ಮಗನಿಗೆ ಕೇಳಿಸಿದ್ದು ಕೂಗು ಮಾತ್ರ, ಭಯ ಕೇಳಿಸಲಿಲ್ಲ.

'ನನಗೇನೂ ಆಗಿಲ್ಲ' ಅನ್ನುವುದು ಸುಳ್ಳಲ್ಲ, ಅದೇ ಅಪಾಯ

ಮಗನ ಜೊತೆ ಮಾತಿಗೆ ಕೂರುವ ಮೊದಲು ಕೆಲವು ವಿಷಯ ನಿಮಗೆ ಗೊತ್ತಿರಬೇಕು. ಈ ವಯಸ್ಸಿನವರಿಗೆ ಅಪ್ಪ ಅಮ್ಮ ಒಂದು ತಪ್ಪು ವಿಷಯ ಹೇಳಿದರೂ ಸಾಕು, ಉಳಿದ ಒಂಬತ್ತು ಸರಿಯಾದದ್ದನ್ನೂ ಅದರ ಜೊತೆಗೆ ಎಸೆದುಬಿಡುತ್ತಾರೆ.

ಮೊದಲನೆಯದು, 'ಬರೀ ಬಿಯರ್ ತಾನೇ' ಅನ್ನುವ ಮಾತು. 650 ಮಿ.ಲೀ.ನ ಒಂದು ಬಾಟಲಿ ಸ್ಟ್ರಾಂಗ್ ಬಿಯರಿನಲ್ಲಿ, ಅದು ಶೇ. 8ರದ್ದಾದರೆ, ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ.ನ ಒಂದು ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ಒಂದು ಬಾಟಲಿ ಹೆಚ್ಚುಕಡಿಮೆ ನಾಲ್ಕು ಪೆಗ್‌ಗೆ ಸಮ. 60 ಕೆ.ಜಿ. ತೂಕದ ಹುಡುಗ ಅದನ್ನು ಒಂದು ಗಂಟೆಯಲ್ಲಿ ಖಾಲಿ ಮಾಡಿದರೆ ಅವನ 100 ಮಿ.ಲೀ. ರಕ್ತದಲ್ಲಿ ಅಂದಾಜು 80ರಿಂದ 90 ಮಿ.ಗ್ರಾಂ ಆಲ್ಕೋಹಾಲ್ ಸೇರುತ್ತದೆ. ಓಡಿಸುವವರಿಗೆ ಕಾನೂನು ಹಾಕಿದ ಮಿತಿ ದೇಶದಿಂದ ದೇಶಕ್ಕೆ ಬೇರೆ. ಸ್ವೀಡನ್‌ನಲ್ಲಿ 20, ಭಾರತದಲ್ಲಿ 30, ಯುರೋಪಿನ ಹಲವು ದೇಶಗಳಲ್ಲಿ 50 ಮಿ.ಗ್ರಾಂ. ಹೊಸದಾಗಿ ಓಡಿಸಲು ಕಲಿತವರಿಗೆ ಮಿತಿ 20 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಬಾಟಲಿ ಇವೆಲ್ಲವನ್ನೂ ದಾಟಿಸುತ್ತದೆ.

ಎರಡನೆಯದು, ಕಾಫಿ, ತಣ್ಣೀರು, ವಾಂತಿ. ಇವು ಯಾವುವೂ ರಕ್ತದಲ್ಲಿರುವ ಆಲ್ಕೋಹಾಲನ್ನು ಇಳಿಸುವುದಿಲ್ಲ. ಕಾಫಿ ಕುಡಿದರೆ ನಿದ್ದೆಗಣ್ಣಿನ ಕುಡುಕ ಎಚ್ಚರವಾಗಿರುವ ಕುಡುಕ ಆಗುತ್ತಾನೆ, ಅಷ್ಟೇ. ಇಳಿಸುವ ಕೆಲಸ ಪಿತ್ತಜನಕಾಂಗದ್ದು. ಅದು ತನ್ನ ವೇಗದಲ್ಲೇ ನಡೆಯುತ್ತದೆ, 100 ಮಿ.ಲೀ. ರಕ್ತದಲ್ಲಿ ಗಂಟೆಗೆ ಸುಮಾರು 15 ಮಿ.ಗ್ರಾಂ. ರಾತ್ರಿ ಒಂದು ಗಂಟೆಗೆ 150 ಇದ್ದವನ ರಕ್ತ ಪೂರ್ತಿ ತಿಳಿಯಾಗುವುದು ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ. ಗೆಳೆಯನ ಮನೆಯಲ್ಲೇ ಮಲಗಿ, ಏಳಕ್ಕೆ ಎದ್ದು, ಸ್ನಾನ ಮಾಡಿ ಕಾಲೇಜಿಗೆ ಬೈಕ್ ಹತ್ತುವ ಹುಡುಗ ಇನ್ನೂ ಕುಡಿದೇ ಇರುತ್ತಾನೆ. ಇದನ್ನು ಹೇಳಿದಾಗ ಅಪ್ಪಂದಿರೇ ನನ್ನ ಮುಖ ನೋಡುತ್ತಾರೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕುಡಿದು ಮುಗಿಸಿದ ಕ್ಷಣದಲ್ಲೇ ನಶೆ ತುದಿಗೆ ಮುಟ್ಟುವುದಿಲ್ಲ. ಕೊನೆಯ ಗುಟುಕಿನ ನಂತರ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. 'ನಾನು ಸರಿ ಇದ್ದೀನಿ' ಅಂತ ಹೊರಟವನಿಗೆ ಏರಿಕೆ ಆಗುವುದು ದಾರಿಯಲ್ಲಿ. ಹೊರಡುವಾಗ ಅವನು ಹೇಳಿದ್ದು ನಿಜವೇ ಇರಬಹುದು.

ಇದರ ಮೇಲೆ ವಯಸ್ಸಿನದೊಂದು ತೊಡಕು. ದೊಡ್ಡವರಿಗೆ ಜಾಸ್ತಿಯಾದರೆ ನಿದ್ದೆ ಬರುತ್ತದೆ, ಕಾಲು ತೊಡರುತ್ತದೆ, ದೇಹವೇ 'ಸಾಕು' ಅನ್ನುತ್ತದೆ. ಹದಿಹರೆಯದ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ 'ಸಾಕು' ಅನ್ನುವ ಲಕ್ಷಣಗಳು ದೊಡ್ಡ ಇಲಿಗಳಿಗಿಂತ ಕಡಿಮೆ ಕಂಡವು. ಕಲಿತದ್ದನ್ನು ನೆನಪಿಡುವ ಶಕ್ತಿಗೆ ಮಾತ್ರ ಪೆಟ್ಟು ಜಾಸ್ತಿ ಬಿತ್ತು. ಮನುಷ್ಯರ ಮಕ್ಕಳಲ್ಲೂ ನಾನು ನೋಡುವುದು ಇದನ್ನೇ. ಎಷ್ಟು ಕುಡಿದರೂ ಲವಲವಿಕೆಯಿಂದ ಇರುತ್ತಾರೆ, ಬೆಳಗ್ಗೆ ಎದ್ದರೆ ಅರ್ಧ ರಾತ್ರಿಯೇ ನೆನಪಿಲ್ಲ. ಅಡ್ಡಾದಿಡ್ಡಿ ನಡೆಯುತ್ತಿಲ್ಲ ಅಂದಮಾತ್ರಕ್ಕೆ ಓಡಿಸಲು ಯೋಗ್ಯ ಅಂತ ಅಲ್ಲ. 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಹೋಗುತ್ತದೆ. ಬ್ರೇಕಿನ ಮೇಲೆ ಕಾಲು ಬೀಳುವುದು ಅರ್ಧ ಸೆಕೆಂಡ್ ತಡವಾದರೆ ಎಂಟು ಮೀಟರ್ ಕೈಬಿಟ್ಟ ಹಾಗೆ. ಬೈಕ್ ಆದರೆ ಬ್ಯಾಲೆನ್ಸ್ ಕೂಡ ಬೇಕು, ಕುಡಿದರೆ ಅದೂ ಕೆಡುತ್ತದೆ.

ಜೊತೆಗಾರರ ವಿಷಯವನ್ನೂ ಹೇಳಬೇಕು. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ತುಂಬಾ ಹೆಚ್ಚಿತು. ದೊಡ್ಡವರಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಯಾರೂ ಕುಡಿದಿರಲಿಲ್ಲ ಅನ್ನುವುದನ್ನು ಗಮನಿಸಿ. ನಿಮ್ಮ ಮುಂದೆ ಕೂತು ಎಲ್ಲದಕ್ಕೂ ತಲೆ ಆಡಿಸುವ ಮಗ ಮತ್ತು ನಾಲ್ಕು ಜನರ ನಡುವೆ ಇರುವ ಮಗ, ಇಬ್ಬರೂ ಒಬ್ಬನೇ ಹುಡುಗ ಅಲ್ಲ. ನೀವು ಮಾತಾಡಬೇಕಾದ್ದು ಎರಡನೆಯವನ ಬಗ್ಗೆ, ಮೊದಲನೆಯವನ ಜೊತೆ.

ಮೈದುನರ ಸಲಹೆ

'ಮನೆಯಲ್ಲೇ ಕುಡಿಸಿದರೆ ಚಪಲ ಹೋಗುತ್ತೆ.' ತಿಂಗಳಿಗೆ ಎರಡು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಅಪ್ಪ ಅಮ್ಮನೇ ಮದ್ಯ ಕೊಟ್ಟಿದ್ದರಿಂದ ಮಕ್ಕಳಿಗೆ ರಕ್ಷಣೆ ಸಿಕ್ಕ ಲಕ್ಷಣ ಅದರಲ್ಲಿ ಕಾಣಲಿಲ್ಲ. ಅಂಥ ಮಕ್ಕಳು ಮುಂದೆ ಹೊರಗಿನಿಂದಲೂ ಮದ್ಯ ಪಡೆಯುವುದು, ಒಂದೇ ಸಲ ವಿಪರೀತ ಕುಡಿಯುವುದು ಹೆಚ್ಚೇ ಇತ್ತು. ಮನೆಯಲ್ಲಿ ಕಲಿತವನು ಹೊರಗೆ ಕುಡಿಯುವುದನ್ನು ಬಿಡುವುದಿಲ್ಲ. ಇನ್ನೊಂದು ಜಾಗ ಸೇರಿಸಿಕೊಳ್ಳುತ್ತಾನೆ, ಅಷ್ಟೇ. ಮೈದುನರಿಗೆ ನಯವಾಗಿ ಬೇಡ ಅನ್ನಿ.

ಹಾಗಾದರೆ ಫೋನ್ ಮಾಡು ಅನ್ನಬಹುದಾ?

ಅನ್ನಬಹುದು. ಅನ್ನಲೇಬೇಕು. ಆದರೆ ಹೇಗೆ ಅನ್ನುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ನೀವು ಹೇಳಬೇಕಾದ ಮಾತು ಎರಡು. 'ನೀನು ಕುಡಿಯೋದು ನಮಗೆ ಇಷ್ಟ ಇಲ್ಲ' ಅನ್ನುವುದು ಒಂದು. 'ಏನೇ ಆಗಿರಲಿ, ಕುಡಿದು ಗಾಡಿ ಓಡಿಸಬೇಡ, ಕುಡಿದವರ ಗಾಡಿ ಹತ್ತಬೇಡ, ಫೋನ್ ಮಾಡು' ಅನ್ನುವುದು ಇನ್ನೊಂದು. ಹೆಚ್ಚಿನ ಮನೆಗಳಲ್ಲಿ ಇವುಗಳಲ್ಲಿ ಒಂದೇ ಇರುತ್ತದೆ. ಮೊದಲನೆಯದು ಮಾತ್ರ ಇದ್ದರೆ ಮಗ ಕದ್ದು ಕುಡಿದು ಕದ್ದು ಓಡಿಸುತ್ತಾನೆ. ಎರಡನೆಯದು ಮಾತ್ರ ಇದ್ದರೆ ನೀವು ಭಯಪಟ್ಟ ಹಾಗೆ ಅದು ಒಪ್ಪಿಗೆಯಾಗಿಯೇ ಕೇಳಿಸುತ್ತದೆ. ಎರಡೂ ಒಟ್ಟಿಗೆ ಇರಬೇಕು. ಕೆರೆಗೆ ಇಳಿಯಬೇಡ ಅಂತ ಗದರುವ ಮನೆಯಲ್ಲೂ ಒಂದು ಹಗ್ಗ ಇರುತ್ತದಲ್ಲ, ಹಾಗೆ. ಅಪ್ಪ ಅಮ್ಮ ಕುಡಿತವನ್ನು ಒಪ್ಪುವುದಿಲ್ಲ ಅಂತ ಸ್ಪಷ್ಟವಾಗಿ ಗೊತ್ತಿರುವ ಮಕ್ಕಳು ಕಡಿಮೆ ಕುಡಿಯುತ್ತಾರೆ, ಇದು ಮತ್ತೆ ಮತ್ತೆ ಕಂಡುಬಂದ ವಿಷಯ. ಹಾಗಾಗಿ ಮಗನ ಜೊತೆ ಗೆಳೆಯರಾಗುವ ಭರದಲ್ಲಿ ಮೊದಲ ಮಾತನ್ನು ನುಂಗಬೇಡಿ.

ಈ ಯೋಚನೆ ಹೊಸದೇನಲ್ಲ. 1981ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಾಬರ್ಟ್ ಅನಸ್ಟಾಸ್ ಎಂಬ ಶಿಕ್ಷಕರು ಕುಡಿದು ಓಡಿಸುವುದರ ವಿರುದ್ಧ ವಿದ್ಯಾರ್ಥಿಗಳದ್ದೇ ಒಂದು ಸಂಘಟನೆ ಕಟ್ಟಿದರು. ಮಕ್ಕಳೂ ಅಪ್ಪ ಅಮ್ಮನೂ ಸಹಿ ಹಾಕುವ ಒಂದು ಕರಾರು ಪತ್ರ ಅಲ್ಲಿಂದ ಹರಡಿತು. ಸುರಕ್ಷಿತವಾಗಿ ಮನೆ ಸೇರಲು ಆಗದಿದ್ದರೆ ಯಾವ ಹೊತ್ತಿಗಾದರೂ ಫೋನ್ ಮಾಡುತ್ತೇನೆ ಅಂತ ಮಗು ಬರೆದುಕೊಡಬೇಕು. ಬಂದು ಕರೆದುಕೊಂಡು ಹೋಗುತ್ತೇನೆ, ಆ ಹೊತ್ತಿನಲ್ಲಿ ವಾದ ಮಾಡುವುದಿಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ಇಲ್ಲಿಯವರೆಗೆ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಇನ್ನೊಂದು ಸಾಲನ್ನು: ನಾನೂ ಕುಡಿದು ಓಡಿಸುವುದಿಲ್ಲ, ಅಂತ ದೊಡ್ಡವರೂ ಬರೆಯಬೇಕು.

ಬರೀ ಕಾಗದಕ್ಕೆ ಸಹಿ ಹಾಕಿಸಿ ಗೋಡೆಗೆ ಅಂಟಿಸಿದರೆ ಏನೂ ಆಗುವುದಿಲ್ಲ. ಅದನ್ನು ಬರೆಯುವ ಹೊತ್ತಿನಲ್ಲಿ ಆಗುವ ಮಾತುಕತೆಯೇ ಮುಖ್ಯ. 'ವಾದ ಮಾಡಲ್ಲ' ಅಂದರೆ ಏನು ಅಂತ ಅಲ್ಲೇ ಬಿಡಿಸಿ ಹೇಳಿ. ಕಾರಿನಲ್ಲಿ ಉಪದೇಶ ಇಲ್ಲ, ಮನೆಗೆ ಬಂದ ಮೇಲೂ ಇಲ್ಲ. ನೀರು ಕೊಟ್ಟು ಮಲಗಿಸುವುದು. ಮಾತು ನಾಳೆ ಮಧ್ಯಾಹ್ನಕ್ಕೆ, ತಲೆ ತಿಳಿಯಾದ ಮೇಲೆ. ಕುಡಿದಿದ್ದಕ್ಕೆ ಏನಾದರೂ ಕಟ್ಟುನಿಟ್ಟು ಇರಲಿ, ಆದರೆ ಫೋನ್ ಮಾಡದೆ ಓಡಿಸಿಕೊಂಡು ಬಂದರೆ ಆಗುವುದಕ್ಕಿಂತ ಅದು ತುಂಬಾ ಹಗುರವಾಗಿರಬೇಕು. ಈ ವ್ಯತ್ಯಾಸ ಅವನಿಗೆ ಮೊದಲೇ ಗೊತ್ತಿರಬೇಕು. ಆಗ ಆ ರಾತ್ರಿಯ ಲೆಕ್ಕದಲ್ಲಿ ಫೋನ್ ಗೆಲ್ಲುತ್ತದೆ.

ಇದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಕೆಲವು ಮಕ್ಕಳು ಅಪ್ಪನನ್ನು ರಾತ್ರಿ ಟ್ಯಾಕ್ಸಿ ಮಾಡಿಕೊಳ್ಳುತ್ತಾರೆ. ಒಂದೆರಡು ಸಲ ಆದರೆ ಸರಿ. ತಿಂಗಳಿಗೆ ಮೂರು ಸಲ ಫೋನ್ ಬರುತ್ತಿದ್ದರೆ ಅದು ಓಡಿಸುವ ಸಮಸ್ಯೆ ಅಲ್ಲ, ಕುಡಿತದ ಸಮಸ್ಯೆ. ಅದಕ್ಕೆ ಬೇರೆಯದೇ ಸಹಾಯ ಬೇಕು. ಹಾಗಿದ್ದರೂ ಕರೆದುಕೊಂಡು ಬರುವುದನ್ನು ಮಾತ್ರ ನಿಲ್ಲಿಸಬೇಡಿ.

ಫೋನ್ ಮಾಡುವುದೇ ಅವಮಾನ ಅನ್ನಿಸುವ ಹುಡುಗರಿಗೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನನ್ನ ಹತ್ತಿರ ಬರುತ್ತಿದ್ದ ಒಂದು ಮನೆಯಲ್ಲಿ ಮಗ 'ಬೆಕ್ಕು ಒಳಗೆ ಬಂತಾ?' ಅಂತ ಮೆಸೇಜ್ ಹಾಕುತ್ತಿದ್ದ. ಅವರ ಮನೆಯಲ್ಲಿ ಬೆಕ್ಕೇ ಇಲ್ಲ! ಕೂಡಲೇ ಅಮ್ಮ ಫೋನ್ ಮಾಡಿ, ಪಕ್ಕದವರಿಗೂ ಕೇಳಿಸುವ ಹಾಗೆ, 'ಎಲ್ಲಿದ್ದೀಯೋ, ಈಗಲೇ ಮನೆಗೆ ಬರಬೇಕು, ಅಪ್ಪ ಬರ್ತಿದ್ದಾರೆ' ಅಂತ ರೇಗುತ್ತಿದ್ದರು. ಗೆಳೆಯರ ಮುಂದೆ ಅವನ ಮರ್ಯಾದೆ ಉಳಿಯಿತು, ಕೆಟ್ಟವಳಾಗಿದ್ದು ಅಮ್ಮ. ಕೆಟ್ಟವರಾಗಲು ನೀವು ತಯಾರಿರಿ. 'ನಮ್ಮಮ್ಮ ಬಾಗಿಲಲ್ಲೇ ಬಾಯಿ ಮೂಸಿ ನೋಡ್ತಾರೆ ಕಣೋ' ಅನ್ನುವುದು 18ರ ಹುಡುಗನಿಗೆ 'ನಂಗೆ ಬೇಡ' ಅನ್ನುವುದಕ್ಕಿಂತ ಎಷ್ಟೋ ಸುಲಭ. ಆ ನೆಪವನ್ನು ಅವನಿಗೆ ನೀವೇ ಕೊಡಿ.

ಕೀ

ಕೀ ಕಿತ್ತುಕೊಂಡಿದ್ದು ತಪ್ಪಲ್ಲ. ಕುಡಿದು ಓಡಿಸಿದವನಿಂದ ಗಾಡಿ ದೂರ ಇಡುವುದು ಶಿಕ್ಷೆಗಿಂತ ಮೊದಲು ಜೋಪಾನ. ತಪ್ಪಾಗಿದ್ದು, ಎಷ್ಟು ದಿನಕ್ಕೆ ಅಂತ ಹೇಳದೇ ಇದ್ದದ್ದು. ಕೊನೆ ಕಾಣದ ಶಿಕ್ಷೆಗೆ ಮಕ್ಕಳು ಬೇರೆ ದಾರಿ ಹುಡುಕುತ್ತಾರೆ. ನಿಮ್ಮ ಮಗ ಹುಡುಕಿಕೊಂಡಾಯಿತು, ಗೆಳೆಯರ ಬೈಕಿನ ಹಿಂದಿನ ಸೀಟು. ಅಲ್ಲಿ ಓಡಿಸುವವನು ಕುಡಿದಿದ್ದಾನಾ ಇಲ್ಲವಾ ಅನ್ನುವುದು ಈಗ ನಿಮ್ಮ ಕೈಯಲ್ಲಿ ಮೊದಲಿಗಿಂತ ಕಡಿಮೆ.

ನಾಲ್ಕು ವಾರಕ್ಕೋ ಆರು ವಾರಕ್ಕೋ ಒಂದು ತಾರೀಕು ಹಾಕಿ. ಆಮೇಲೆ ಒಂದೇ ಸಲ ಪೂರ್ತಿ ಬಿಟ್ಟುಕೊಡಬೇಡಿ. ಹಂತ ಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿಯನ್ನು ನ್ಯೂಜಿಲೆಂಡ್ 1987ರಲ್ಲಿ ತಂದಿತು, ಈಗ ಬೇರೆ ಹಲವು ಕಡೆಯೂ ಇದೆ. ಹೊಸ ಚಾಲಕರು ಮೊದಲು ರಾತ್ರಿ ಹೊತ್ತು ಒಬ್ಬರೇ ಓಡಿಸುವಂತಿಲ್ಲ, ಬೇಕಾದವರನ್ನೆಲ್ಲ ಕೂರಿಸಿಕೊಳ್ಳುವಂತಿಲ್ಲ. ಕತ್ತಲು ಮತ್ತು ಗೆಳೆಯರು, ಅಪಾಯ ಹೆಚ್ಚಿಸುವ ಎರಡೂ ಅಲ್ಲಿ ಕಟ್. ಇದನ್ನೇ ಮನೆಯಲ್ಲಿ ಮಾಡಿ. ಮೊದಲು ಕೆಲವು ವಾರ ಹಗಲು ಮಾತ್ರ, ಹಿಂದೆ ಯಾರನ್ನೂ ಕೂರಿಸದೆ. ಸರಿಯಾಗಿ ನಡೆದರೆ ಸಂಜೆ ಎಂಟರವರೆಗೆ. ಆಮೇಲೆ ಇನ್ನಷ್ಟು. ಪಾರ್ಟಿ ಇರುವ ದಿನ ಮಾತ್ರ ಬೈಕ್ ಮನೆಯಲ್ಲೇ, ಯಾವಾಗಲೂ. ಕೀ ಜೇಬಿನಲ್ಲಿ ಇಲ್ಲದಿದ್ದರೆ ಮಧ್ಯರಾತ್ರಿ ತೀರ್ಮಾನ ಮಾಡುವ ಕಷ್ಟವೇ ಅವನಿಗಿಲ್ಲ. ಹೋಗುವ ಮೊದಲೇ 'ವಾಪಸ್ ಹೇಗೆ ಬರ್ತೀಯ?' ಅಂತ ಕೇಳಿ. ಫೋನಿನ ಕವರಿನಲ್ಲಿ ಬಾಡಿಗೆಗೆ ಆಗುವಷ್ಟು ದುಡ್ಡು ಇರಲಿ, ಬೇರೆ ಖರ್ಚಿಗೆ ಮುಟ್ಟದ ಹಾಗೆ.

'ನಮ್ಮಲ್ಲಿ ಒಬ್ಬ ಕುಡಿಯಲ್ಲ, ಅವನೇ ಓಡಿಸ್ತಾನೆ' ಅಂತ ಅವನು ಹೇಳಬಹುದು. ಒಳ್ಳೆಯದೇ. ಆದರೆ ಗುಂಪಿನಲ್ಲಿ ಬಹಳ ಸಲ ಆ 'ಕುಡಿಯದವನು' ಅಂದರೆ 'ಎಲ್ಲರಿಗಿಂತ ಕಡಿಮೆ ಕುಡಿದವನು' ಅಂತ ಅರ್ಥ. ಯಾರು, ಹೆಸರೇನು, ಆ ರಾತ್ರಿ ಒಂದು ಗುಟುಕೂ ಇಲ್ಲ ತಾನೇ ಅಂತ ಕೇಳಿಕೊಳ್ಳಿ.

ಫೋನಿನಲ್ಲಿ ಜಾಗ ತೋರಿಸುವ ಆ್ಯಪ್ ಹಾಕಿ ಹಿಂಬಾಲಿಸುವುದು, ಮನೆಗೆ ಉಸಿರು ಪರೀಕ್ಷೆಯ ಯಂತ್ರ ತರುವುದು, ಇದನ್ನೂ ಹಲವರು ಕೇಳುತ್ತಾರೆ. ಮಗನಿಗೆ ಗೊತ್ತಿದ್ದು, ಅವನು ಒಪ್ಪಿ ಹಾಕಿಸಿಕೊಂಡರೆ ಜಾಗ ತಿಳಿಸುವ ಆ್ಯಪ್‌ನಿಂದ ತೊಂದರೆಯಿಲ್ಲ. ಕದ್ದು ಹಾಕಬೇಡಿ. ಸ್ವೀಡನ್‌ನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಸಂಶೋಧಕರು 14 ವರ್ಷದ ಸುಮಾರು 700 ಮಕ್ಕಳನ್ನೂ ಅವರ ಅಪ್ಪ ಅಮ್ಮನನ್ನೂ ವಿಚಾರಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಅಂತ ಅಪ್ಪ ಅಮ್ಮನಿಗೆ ಗೊತ್ತಿರುವುದು ಹೆಚ್ಚಾಗಿ ಕಾವಲಿನಿಂದ ಅಲ್ಲ, ಮಕ್ಕಳು ತಾವಾಗಿ ಹೇಳಿದ್ದರಿಂದ ಅಂತ ಅದರಲ್ಲಿ ತಿಳಿಯಿತು. ನನ್ನ ಕೆಲಸದಲ್ಲಿ ಇಷ್ಟು ಉಪಯೋಗಕ್ಕೆ ಬಂದ ಸಂಶೋಧನೆ ಇನ್ನೊಂದಿಲ್ಲ. ಕಾವಲು ಜಾಸ್ತಿ ಮಾಡಿ, ಅವನು ಹೇಳುವುದನ್ನು ಕಡಿಮೆ ಮಾಡಿಕೊಂಡರೆ ನಿಮಗೇ ನಷ್ಟ.

ಮಗಳು

ಪತ್ರದಲ್ಲಿ ಅವಳ ಬಗ್ಗೆ ಒಂದೇ ಸಾಲಿದೆ. ಅಣ್ಣನದೋ ಅಣ್ಣನ ಗೆಳೆಯನದೋ ಬೈಕಿನ ಹಿಂದೆ ಕೂರುವವಳು ನಾಳೆ ಅವಳೇ. ಓಡಿಸುವವನಿಗೆ ಹೇಳಿದ್ದನ್ನೆಲ್ಲ ಹಿಂದೆ ಕೂರುವವಳಿಗೂ ಹೇಳಬೇಕು. 'ಇಳಿಸು' ಅನ್ನುವ ಹಕ್ಕು ಅವಳಿಗಿದೆ. ಇಳಿದ ಮೇಲೆ ಎಷ್ಟು ಹೊತ್ತಾಗಿದ್ದರೂ, ಎಲ್ಲಿದ್ದರೂ 'ಅಲ್ಲಿಗೆ ಯಾಕೆ ಹೋಗಿದ್ದೆ' ಅನ್ನುವುದು ಮೊದಲ ಪ್ರಶ್ನೆ ಆಗುವುದಿಲ್ಲ ಅಂತ ಅವಳಿಗೆ ಖಾತ್ರಿ ಇರಬೇಕು. ಹೆಣ್ಣುಮಕ್ಕಳು ಫೋನ್ ಮಾಡದೆ ಕುಡಿದವನ ಹಿಂದೆಯೇ ಕೂತು ಬರಲು ಬಹಳ ಸಲ ಆ ಒಂದು ಪ್ರಶ್ನೆಯ ಭಯವೇ ಕಾರಣ. ಅಣ್ಣ ಕುಡಿದು ಹೊರಟಿದ್ದಾನೆ ಅಂತ ಅವಳು ನಿಮಗೆ ಹೇಳಿದರೆ ಅದು ಚಾಡಿ ಅಲ್ಲ ಅನ್ನುವುದನ್ನು ಇಬ್ಬರನ್ನೂ ಕೂರಿಸಿಕೊಂಡು ಹೇಳಿ.

ಹಾಗೇ ಇನ್ನೊಂದು ವಿಷಯ ಇಬ್ಬರಿಗೂ. ಕುಡಿದ ಗೆಳೆಯನೊಬ್ಬ ಅಲುಗಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ ಅಥವಾ ಬಿಟ್ಟು ಬಿಟ್ಟು ಬರುತ್ತಿದೆ, ಮೈ ತಣ್ಣಗಾಗಿದೆ ಅಂದರೆ 'ಮಲಗಿದರೆ ಸರಿ ಹೋಗುತ್ತೆ' ಅಂತ ಬಿಡಬಾರದು. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಕರೆಯಬೇಕು, ಒಬ್ಬನೇ ಬಿಟ್ಟು ಹೋಗಬಾರದು. ಬೈಸಿಕೊಳ್ಳುವ ಭಯಕ್ಕೆ ಕಾದು ಕೂತು ಜೀವ ಹೋದದ್ದನ್ನು ಆಸ್ಪತ್ರೆಯ ಆ ಅಪಘಾತ ವಿಭಾಗದಲ್ಲಿ ನೋಡಿದ್ದೇನೆ. ಅದರ ಬಗ್ಗೆ ಇಷ್ಟು ಸಾಕು.

ಅಪ್ಪನ ಎರಡು ಪೆಗ್

ಈಗ ಕಷ್ಟದ ಭಾಗ. ಇದನ್ನು ನಿಮ್ಮವರಿಗೆ ನೀವು ಓದಿ ಹೇಳಬೇಡಿ, ಸುಮ್ನೆ ಅವರ ಕೈಗೆ ಕೊಡಿ.

'ನೀವು ಓಡಿಸಲ್ವಾ?' ಅಂದ ಮಗನ ಮಾತು ನಿಮಗೆ ಉದ್ಧಟತನ ಅನ್ನಿಸಿತು. ನನಗೆ ಅದರಲ್ಲಿ ಒಂದು ನಿಜವಾದ ಪ್ರಶ್ನೆ ಕೇಳಿಸಿತು. ಅವನು ಚಿಕ್ಕಂದಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಲಿತ ಪಾಠ ಏನು? ಕುಡಿದು ಓಡಿಸಬಾರದು ಅಂತ ಅಲ್ಲ, ಎರಡು ಪೆಗ್ ಆದರೂ ಪಳಗಿದ ಕೈಯವರು ಓಡಿಸಬಹುದು ಅಂತ. ಆ ರಾತ್ರಿ ಅವನೂ ತನ್ನನ್ನು ಪಳಗಿದವನು ಅಂದುಕೊಂಡ, ಅಷ್ಟೇ. ಅನುಭವ ಇದ್ದವರಿಗೆ ಆಲ್ಕೋಹಾಲ್ ರಿಯಾಯಿತಿ ಕೊಡುವುದಿಲ್ಲ. ಇಷ್ಟು ವರ್ಷ ಏನೂ ಆಗದೇ ಇದ್ದದ್ದು ಕೈಚಳಕ ಅಂತ ಅವರಿಗೆ ಅನ್ನಿಸಿರಬಹುದು. ಅದೃಷ್ಟವೂ ಹಾಗೇ ಕಾಣುತ್ತದೆ.

ಮೂರು ವಾರದ ಮೌನವನ್ನು ಮುರಿಯಬೇಕಾದವರು ಅಪ್ಪನೇ. ಅಮ್ಮ ನಡುವೆ ಓಡಾಡಿ ಮಾತು ಮುಟ್ಟಿಸುವುದು ಬೇಡ. ಎದುರು ಬದುರು ಕೂರಿಸಿಕೊಂಡು ವಿಚಾರಣೆ ಮಾಡುವುದೂ ಬೇಡ. ಈ ವಯಸ್ಸಿನ ಹುಡುಗರು ಕಣ್ಣಿಗೆ ಕಣ್ಣು ಕೊಟ್ಟರೆ ಬಾಯಿ ಮುಚ್ಚುತ್ತಾರೆ. ಕಾರು ತೊಳೆಯುವಾಗ, ಏನಾದರೂ ತರಲು ಜೊತೆಗೆ ಹೋಗುವಾಗ ಪಕ್ಕದಲ್ಲಿದ್ದು ಮಾತಾಡಿದರೆ ಸಲೀಸು. ಹೀಗೆ ಏನಾದರೂ ಹೇಳಬಹುದು: 'ಅವತ್ತು ಹೊಡೆದಿದ್ದು ತಪ್ಪಾಯ್ತು ಕಣೋ. ನಿನಗೇನಾದ್ರೂ ಆಗಿದ್ರೆ ಅಂತ ಕೈಕಾಲು ನಡುಗ್ತಿತ್ತು. ನೀನು ಹೇಳಿದ್ದು ಸರಿ, ನಾನೂ ಓಡಿಸ್ತಿದ್ದೆ. ಇನ್ನು ಓಡಿಸಲ್ಲ. ನೀನೂ ಓಡಿಸಬಾರದು.' ಅಷ್ಟು ಸಾಕು. 'ಆದರೆ' ಅಂತ ಮುಂದುವರಿಸಿದರೆ ಹೇಳಿದ್ದೆಲ್ಲ ನೀರಿಗೆ ಹೋಯಿತು.

ಅವನು ಏನೂ ಹೇಳದೆ ಎದ್ದು ಹೋಗಬಹುದು. ಬೆನ್ನು ಹತ್ತಬೇಡಿ. ಎರಡು ದಿನ ಬಿಟ್ಟು ಚಾರ್ಜರ್ ಎಲ್ಲಿದೆ ಅಂತಲೋ ಮ್ಯಾಚ್ ಏನಾಯಿತು ಅಂತಲೋ ಅಪ್ಪನನ್ನೇ ಕೇಳಿದರೆ, ಅದೇ ಉತ್ತರ. ಆಮೇಲೆ ಕರಾರಿನ ಮಾತು ಎತ್ತಿ. ಅದನ್ನು ಅವನ ಗೆಳೆಯರಿಂದ ಶುರು ಮಾಡುವುದು ಒಳ್ಳೆಯದು: 'ನಿಮ್ಮ ಗುಂಪಿನಲ್ಲಿ ಅಂಥ ರಾತ್ರಿ ಯಾರು ಓಡಿಸ್ತಾರೆ?' ತನ್ನ ಬಗ್ಗೆ ಹೇಳಲು ಹಿಂಜರಿಯುವವನು ಬೇರೆಯವರ ಬಗ್ಗೆ ಧಾರಾಳವಾಗಿ ಹೇಳುತ್ತಾನೆ. ಕೇಳುತ್ತಾ ಹೋದರೆ ಅವನ ವಿಷಯವೂ ಅದರಲ್ಲೇ ಬರುತ್ತದೆ.

ಕೊನೆಯದಾಗಿ ಒಂದು ಲೆಕ್ಕ ಉಳಿದಿದೆ. ಮಗ ರಾತ್ರಿ ಒಂದಕ್ಕೆ ಫೋನ್ ಮಾಡುತ್ತಾನೆ ಅಂತಿಟ್ಟುಕೊಳ್ಳಿ. ನಿಮಗೆ ಗಾಡಿ ಓಡಿಸಲು ಬರುವುದಿಲ್ಲ. ಹೋಗಬೇಕಾದವರು ಅವನ ಅಪ್ಪ. ಅವರೇ ಎರಡು ಪೆಗ್ ಹಾಕಿ ಕೂತಿದ್ದರೆ? ಅದಕ್ಕೇ ಮಗ ಹೊರಗೆ ಹೋಗುವ ರಾತ್ರಿ ಅಪ್ಪ ಒಂದು ಗುಟುಕೂ ಕುಡಿಯುವಂತಿಲ್ಲ. ನಿಮ್ಮ ಮನೆಯ ಕರಾರಿನ ಮೊದಲ ಸಾಲು ಅದೇ ಆಗಲಿ, ಸಹಿ ಅಪ್ಪನದೇ ಮೊದಲು ಬೀಳಲಿ. ಅಪ್ಪ ಊರಲ್ಲಿ ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಇನ್ನೊಂದು ಹೆಸರು ಈಗಲೇ ಗೊತ್ತು ಮಾಡಿ. ಚಿಕ್ಕಪ್ಪನೇ ಆಗಬಹುದು, ಕುಡಿಸುವ ಯೋಚನೆ ಬಿಟ್ಟರೆ. ಮತ್ತೆ, ನಿಮ್ಮಿಬ್ಬರ ಫೋನೂ ಆ ರಾತ್ರಿ ಸೈಲೆಂಟಿನಲ್ಲಿ ಇರದ ಹಾಗೆ ನೋಡಿಕೊಳ್ಳಿ.